ನೋಟಿನ ಮೇಲೆ ಉಳುವವನು, ನೋಟಿಗಾಗಿ ಅಳುವವನು



ಕೆಲವು ವರ್ಷಗಳಿಂದ ಹಳ್ಳಿ ಹಳ್ಳಿಗೂ ಒಂದು ಸುದ್ದಿ ಬಂದು ಠಿಕಾಣಿ ಹೂಡಿದೆ. ಟ್ರ್ಯಾಕ್ಟರ್ ಚಿತ್ರವಿರುವ ಹಳೇ ಐದು ರೂಪಾಯಿ ನೋಟು ನಿಮ್ಮ ಮನೆಯಲ್ಲಿ ಇದ್ದರೆ ಸಾಕು, ನೀವು ಲಕ್ಷಾಧೀಶರಂತೆ! ಆ ನೋಟಿನ ನಂಬರಿನಲ್ಲಿ 786 ಇದ್ದುಬಿಟ್ಟರಂತೂ ಸೊಸೈಟಿ ಸಾಲ ತೀರಿತು, ಮಗಳ ಮದುವೆ ಆಯಿತು, ಸೋರುವ ಮನೆಗೆ ತಾರಸಿ ಬಿತ್ತು ಅಂತಲೇ ಲೆಕ್ಕ. ಮೊಬೈಲಿನಲ್ಲಿ ಸುದ್ದಿ ಬರುತ್ತದೆ, ಚಹಾ ಅಂಗಡಿಯಲ್ಲಿ ಅದಕ್ಕೆ ಕೈಕಾಲು ಮೂಡುತ್ತವೆ, ಸಂಜೆಯ ಹೊತ್ತಿಗೆ ಅಜ್ಜಿಯ ಟ್ರಂಕು, ದೇವರ ಜಗಲಿ, ಹಳೇ ಪಂಚಾಂಗದ ಹಾಳೆ ಎಲ್ಲದರ ತಪಾಸಣೆ ನಡೆಯುತ್ತದೆ.

ನಕ್ಕು ಬಿಟ್ಟುಬಿಡುವ ವಿಷಯ ಇದಲ್ಲ. ನೋಟು ಸಿಕ್ಕಿತು, ಫೋಟೋ ತೆಗೆದು ಅವರು ಹೇಳಿದ ನಂಬರಿಗೆ ಕಳಿಸಿದ್ದೂ ಆಯಿತು ಅನ್ನಿ. ಆ ಕಡೆಯಿಂದ ಬಹಳ ಮರ್ಯಾದೆಯ ದನಿ: “ಯಜಮಾನ್ರೇ, ನಿಮ್ಮ ನೋಟಿಗೆ ಗಿರಾಕಿ ಸಿಕ್ಕಿದ್ದಾನೆ. ಹೆಸರು ನೋಂದಾಯಿಸೋದಕ್ಕೆ ಸ್ವಲ್ಪ ಹಣ ಹಾಕಿಬಿಡಿ.” ಹಾಕಿದ ಮೇಲೆ ಕಮಿಷನ್ನು. ಕಮಿಷನ್ ಆದ ಮೇಲೆ ತೆರಿಗೆ. ತೆರಿಗೆ ಆದ ಮೇಲೆ ರಿಸರ್ವ್ ಬ್ಯಾಂಕಿನ ಮೊಹರು ಹೊತ್ತ ಒಂದು ಸುಳ್ಳು ಕಾಗದ. ಆಮೇಲೆ ಫೋನು ಸ್ವಿಚ್ ಆಫ್. ಐದು ರೂಪಾಯಿ ನೋಟು ಟ್ರಂಕಿನಲ್ಲೇ ಇರುತ್ತದೆ, ಯೂರಿಯಾ ತರಲು ಇಟ್ಟಿದ್ದ ದುಡ್ಡು ಮಾತ್ರ ಹೋಗಿರುತ್ತದೆ.

ಈ ದಂಧೆ ಎಷ್ಟು ಬೆಳೆಯಿತೆಂದರೆ, 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಪ್ರಕಟಣೆ ಹೊರಡಿಸಬೇಕಾಯಿತು. ಹಳೇ ನೋಟು ನಾಣ್ಯಗಳ ವ್ಯಾಪಾರಕ್ಕೂ ತನಗೂ ಸಂಬಂಧವಿಲ್ಲ, ತನ್ನ ಹೆಸರಿನಲ್ಲಿ ಶುಲ್ಕ ಅಥವಾ ಕಮಿಷನ್ ವಸೂಲು ಮಾಡಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಅದು ಹೇಳಿತು. ಹೇಳಿದ್ದು ಒಳ್ಳೆಯದೇ. ಆದರೆ ಆ ಪ್ರಕಟಣೆ ನಮ್ಮ ಗ್ರಾಮ ಪಂಚಾಯ್ತಿಯ ಗೋಡೆಯವರೆಗೆ ಬರಲಿಲ್ಲ. ಸುಳ್ಳು ಸುದ್ದಿ ಮಾತ್ರ ಹಟ್ಟಿಯ ಒಳಗೂ ಬಂತು.

ಸಾಲದಲ್ಲಿ ಮುಳುಗಿದವನಿಗೆ ಹುಲ್ಲುಕಡ್ಡಿಯೂ ಆಸರೆ. ಈ ಕಳ್ಳರಿಗೆ ಇದು ಚೆನ್ನಾಗಿ ಗೊತ್ತು. ಬೆಳೆಗೆ ನೆಟ್ಟಗೆ ಬೆಲೆ ಸಿಗುವ ಊರಿನಲ್ಲಿ ಐದು ರೂಪಾಯಿ ನೋಟಿಗೆ ಲಕ್ಷ ರೂಪಾಯಿ ಸಿಗುತ್ತದೆ ಅಂದರೆ ಯಾರು ಕಿವಿಗೊಡುತ್ತಾರೆ? ಆದ್ದರಿಂದ ಮೋಸ ಹೋದವನನ್ನು ದಡ್ಡ ಅಂತ ಜರೆಯುವುದನ್ನು ಮೊದಲು ಬಿಡಿ. ಅವನ ಆಸೆಯನ್ನಲ್ಲ, ಅವನ ಸಾಲವನ್ನು ನೋಡಿ.

ಸಂಗ್ರಹ ಬೇರೆ, ಸಟ್ಟಾ ಬೇರೆ

ನೋಟು ಸಂಗ್ರಹಿಸುವವರೆಲ್ಲ ಕಳ್ಳರು ಎಂದು ನಾವು ಹೇಳುತ್ತಿಲ್ಲ. ಅದೊಂದು ಹಳೆಯ, ಗೌರವದ ಹವ್ಯಾಸ. ಬೆಂಗಳೂರಿನಲ್ಲಿ ರೆಜ್ವಾನ್ ರಜಾಕ್ ಅವರು ಸಂಗ್ರಹಿಸಿದ ಭಾರತದ ಕಾಗದದ ಹಣದ ಒಂದು ಮ್ಯೂಸಿಯಮ್ಮೇ ಇದೆ. ಮುಂಬಯಿಯಲ್ಲಿ ರಿಸರ್ವ್ ಬ್ಯಾಂಕಿನದೇ ಹಣದ ವಸ್ತುಸಂಗ್ರಹಾಲಯವಿದೆ. ಹೈದರಾಬಾದಿನ ನಿಜಾಮರು 1918ರಿಂದ ಹೊರಡಿಸಿದ ನೋಟುಗಳ ಮೇಲೆ ಉರ್ದು, ತೆಲುಗು, ಮರಾಠಿಯ ಜೊತೆಗೆ ಕನ್ನಡದ ಅಕ್ಷರವೂ ಇತ್ತು ಎಂಬುದು ಇವತ್ತು ಗೊತ್ತಾಗುವುದು ಇಂಥ ಸಂಗ್ರಾಹಕರಿಂದಲೇ. ಬೀದರ, ಕಲಬುರಗಿ, ರಾಯಚೂರಿನ ನಮ್ಮ ಅಜ್ಜಂದಿರು ಆ ನೋಟಿನಲ್ಲೇ ಸಂತೆ ಮಾಡಿದವರು.

ನಿಜವಾದ ಸಂಗ್ರಾಹಕ ಏನು ನೋಡುತ್ತಾನೆ? ಮೊದಲನೆಯದು ನೋಟಿನ ಸ್ಥಿತಿ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಬಣ್ಣ ನೋಡುವ ಹಾಗೆ ಅವನು ಕಾಗದದ ಗರಿಗರಿ ನೋಡುತ್ತಾನೆ. ಒಂದು ಮಡಿಕೆ ಬಿದ್ದರೂ ಬೆಲೆ ಇಳಿಯಿತು. ಎರಡನೆಯದು ಸಹಿ. 1943ರಲ್ಲಿ ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್ ಆದ ಸಿ.ಡಿ. ದೇಶಮುಖರ ಸಹಿ, ಹಣಕಾಸು ಕಾರ್ಯದರ್ಶಿಯಾಗಿ ಒಂದು ರೂಪಾಯಿ ನೋಟಿಗೂ, 1982ರಿಂದ 1985ರವರೆಗೆ ಗವರ್ನರ್ ಆಗಿ ಬೇರೆ ನೋಟುಗಳಿಗೂ ಬಿದ್ದ ಮನಮೋಹನ ಸಿಂಗರ ಸಹಿ, ಹೀಗೆ. ಮೂರನೆಯದು ನಂಬರು. ಮುದ್ರಣದಲ್ಲಿ ಕೆಟ್ಟ ನೋಟಿನ ಬದಲಿಗೆ ಇಡುವ ನೋಟಿಗೆ 2006ರಿಂದ ನಂಬರಿನ ಜೊತೆ ಒಂದು ನಕ್ಷತ್ರದ ಗುರುತು ಹಾಕುತ್ತಾರೆ, ಅದನ್ನೂ ಹುಡುಕುವವರಿದ್ದಾರೆ. ಅಚ್ಚಿನ ತಪ್ಪು ಇರುವ ನೋಟಿಗೂ ಗಿರಾಕಿ ಉಂಟು. ಇದೆಲ್ಲದರ ಮೇಲೆ ಇರುವ ದೊಡ್ಡ ಮಾತು ಒಂದೇ: ಅಪರೂಪ. ಇಲ್ಲದ್ದಕ್ಕೆ ಬೆಲೆ, ಇದ್ದದ್ದಕ್ಕೆ ಬೆಲೆಯಿಲ್ಲ. ಟೊಮ್ಯಾಟೊ ಬೆಳೆದು ರಸ್ತೆಗೆ ಸುರಿದವರಿಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಲೆಕ್ಕಕ್ಕೆ ಬನ್ನಿ. 2022ರ ಮಾರ್ಚ್ ಕೊನೆಗೂ ಎರಡು ಮತ್ತು ಐದು ರೂಪಾಯಿಯ ನೋಟುಗಳು ಸೇರಿ ಸಾವಿರ ಕೋಟಿಗೂ ಹೆಚ್ಚು ರಿಸರ್ವ್ ಬ್ಯಾಂಕಿನ ಲೆಕ್ಕದಲ್ಲಿ ಚಲಾವಣೆಯಲ್ಲಿದ್ದವು. ಸಾವಿರವಲ್ಲ ಸ್ವಾಮಿ, ಸಾವಿರ ಕೋಟಿ. ಸಂತೆಯಲ್ಲಿ ಓಡಾಡಿ, ಬೆವರು ಕುಡಿದು, ನಾಲ್ಕು ಮಡಿಕೆಯಾಗಿ ಸೊಂಟದ ಚೀಲದಲ್ಲಿ ನವೆದ ಐದು ರೂಪಾಯಿ ನೋಟಿಗೆ ಸಂಗ್ರಾಹಕ ಲಕ್ಷ ಕೊಡುವುದಿಲ್ಲ. ಅದರ ಬೆಲೆ ಐದು ರೂಪಾಯಿ. ಕಾನೂನಿನ ಪ್ರಕಾರ ಇವತ್ತಿಗೂ ಅದು ಚಲಾವಣೆಯ ಹಣವೇ. ಅಷ್ಟೇ.

ತೆಗೆದಿದ್ದೀರಿ, ಇನ್ನೊಮ್ಮೆ ನೋಡಿ

ಆದರೂ ನೋಟನ್ನು ಟ್ರಂಕಿನಿಂದ ಹೊರಗೆ ತೆಗೆದಿದ್ದೀರಲ್ಲ, ಹಾಗೇ ಒಳಗೆ ಇಡಬೇಡಿ. ಸಂಗ್ರಾಹಕ ನೋಡುವ ಹಾಗೆ ಒಂದು ಗಳಿಗೆ ಅದರ ಚಿತ್ರ ನೋಡಿ. ಸರ್ಕಾರದ ಮನಸ್ಸಿನಲ್ಲಿ ಯಾರಿದ್ದಾರೆ ಎನ್ನುವುದು ಬಜೆಟ್ ಭಾಷಣಕ್ಕಿಂತ ಚೆನ್ನಾಗಿ ನೋಟಿನ ಬೆನ್ನಿನಲ್ಲಿ ಕಾಣುತ್ತದೆ.

ರಿಸರ್ವ್ ಬ್ಯಾಂಕಿನ ಮುದ್ರೆಯಿಂದಲೇ ಶುರು ಮಾಡಿ. ತಾಳೆ ಮರ, ಅದರ ಮುಂದೆ ಒಂದು ಹುಲಿ. ಇದು ಎಲ್ಲಿಂದ ಬಂತು? ಈಸ್ಟ್ ಇಂಡಿಯಾ ಕಂಪನಿಯ ಚಿನ್ನದ ಮೊಹರಿನಿಂದ. ಅದರಲ್ಲಿ ತಾಳೆ ಮರದ ಮುಂದೆ ಸಿಂಹವಿತ್ತು. 1935ರಲ್ಲಿ ಬ್ಯಾಂಕು ಶುರುವಾದಾಗ ಹುಲಿಯೇ ಈ ದೇಶಕ್ಕೆ ಹೆಚ್ಚು ಹೊಂದುವ ಪ್ರಾಣಿ ಎಂದು ಸಿಂಹದ ಜಾಗಕ್ಕೆ ಹುಲಿಯನ್ನು ತಂದರು. ಮರ ಮಾತ್ರ ಕಂಪನಿಯದೇ. ರೈತನ ಕಂದಾಯ ತಿಂದು ಬೆಳೆದ ಕಂಪನಿ ಹೋಯಿತು, ಅದರ ಮರದ ನೆರಳು ಹೋಗಲಿಲ್ಲ.

1938ರಲ್ಲಿ ಬ್ಯಾಂಕಿನ ಮೊದಲ ನೋಟು ಬಂದಾಗ ಅದರ ಮೇಲೆ ಇಂಗ್ಲೆಂಡಿನ ದೊರೆಯ ಮುಖವಿತ್ತು. ಸ್ವಾತಂತ್ರ್ಯ ಬಂದ ಮೇಲೆ ಆ ಜಾಗದಲ್ಲಿ ಗಾಂಧೀಜಿಯನ್ನು ಕೂರಿಸಬೇಕೆಂದು ನಕ್ಷೆಯೂ ತಯಾರಾಗಿತ್ತು. ಕೊನೆಗೆ ಸಾರನಾಥದ ಸಿಂಹಸ್ತಂಭವೇ ಗೆದ್ದಿತು; 1949ರ ಒಂದು ರೂಪಾಯಿ ನೋಟು ಅದನ್ನು ಹೊತ್ತು ಬಂತು. ಗಾಂಧೀಜಿ ಇಪ್ಪತ್ತು ವರ್ಷ ಕಾದು 1969ರ ಶತಮಾನೋತ್ಸವದ ನೋಟಿನಲ್ಲಿ ಸೇವಾಗ್ರಾಮದ ಮುಂದೆ ಕೂತರು.

ಹಳೇ ನೋಟುಗಳ ಹಿಂಬದಿ ನೋಡಿದರೆ ಎರಡು ರೂಪಾಯಿಗೆ ಹುಲಿ, ಐದು ರೂಪಾಯಿಗೆ ಜಿಂಕೆ, ಹತ್ತು ರೂಪಾಯಿಗೆ ಹಾಯಿದೋಣಿ. ದೊಡ್ಡವರ ಸಾವಿರದ ನೋಟಿಗೆ ತಂಜಾವೂರಿನ ದೇವಾಲಯ, ಐದು ಸಾವಿರದ ನೋಟಿಗೆ ಮುಂಬಯಿಯ ಗೇಟ್‌ವೇ ಆಫ್ ಇಂಡಿಯಾ. ಈ ದೊಡ್ಡ ನೋಟುಗಳನ್ನು 1978ರ ಜನವರಿಯಲ್ಲಿ ರದ್ದು ಮಾಡಿದರು. ಕಾಡಿನ ಮೃಗಕ್ಕೂ ಕಲ್ಲಿನ ಬಾಗಿಲಿಗೂ ಜಾಗವಿತ್ತು. ಹೊಲಕ್ಕೆ ಇರಲಿಲ್ಲ.

ಆಮೇಲೆ ಬಂದದ್ದು ಅಣೆಕಟ್ಟು. ನೂರು ರೂಪಾಯಿ ನೋಟಿನ ಬೆನ್ನ ಮೇಲೆ ಒರಿಸ್ಸಾದ ಮಹಾನದಿಗೆ ಕಟ್ಟಿದ ಹಿರಾಕುಡ್ ಅಣೆಕಟ್ಟಿನ ಚಿತ್ರ. 1957ರಲ್ಲಿ ಉದ್ಘಾಟನೆಯಾದ ಅಣೆಕಟ್ಟು ಅದು. ಚಿತ್ರದಲ್ಲಿ ನೀರು ಕಾಣುತ್ತದೆ. ಆ ನೀರಿಗಾಗಿ ಹೊಲ ಮನೆ ಬಿಟ್ಟು ಎದ್ದುಹೋದ ಲಕ್ಷಕ್ಕೂ ಹೆಚ್ಚು ಜನ ಕಾಣುವುದಿಲ್ಲ. ನಮ್ಮಲ್ಲಿಯೂ ಅಷ್ಟೇ. ಮಲಪ್ರಭೆಯ ನೀರು ಹೊಲಕ್ಕೆ ನೆಟ್ಟಗೆ ಹರಿಯುವ ಮೊದಲೇ ಅಭಿವೃದ್ಧಿ ಕರದ ನೋಟೀಸು ಬಂತು, 1980ರ ಜುಲೈ 21ರಂದು ನರಗುಂದ ನವಲಗುಂದದಲ್ಲಿ ರೈತರ ಎದೆಗೆ ಗುಂಡು ಬಂತು. ಅಣೆಕಟ್ಟಿನ ಚಿತ್ರಕ್ಕೆ ನೋಟಿನಲ್ಲಿ ಜಾಗ, ಅಣೆಕಟ್ಟಿನ ಕೆಳಗಿನವನಿಗೆ ನೋಟೀಸಿನಲ್ಲಿ ಜಾಗ!

1980ರ ದಶಕದ ಹೊತ್ತಿಗೆ ನೋಟುಗಳ ಚಿತ್ರ ಪೂರ್ತಿ ಬದಲಾಯಿತು. ಒಂದು ರೂಪಾಯಿಗೆ ಸಮುದ್ರದಲ್ಲಿ ಎಣ್ಣೆ ತೆಗೆಯುವ ಸಾಗರ ಸಾಮ್ರಾಟ್, ಎರಡು ರೂಪಾಯಿಗೆ ಆರ್ಯಭಟ ಉಪಗ್ರಹ, ಹತ್ತಕ್ಕೆ ನವಿಲು, ಇಪ್ಪತ್ತಕ್ಕೆ ಕೋನಾರ್ಕದ ಚಕ್ರ. ಮತ್ತು ಐದು ರೂಪಾಯಿಗೆ, ಈಗ ನಿಮ್ಮ ಕೈಯಲ್ಲಿರುವ, ಟ್ರ್ಯಾಕ್ಟರು.

ಆಹಾ, ಕೊನೆಗೂ ರೈತ ಬಂದ ಎಂದು ಹಿಗ್ಗಬೇಡಿ. ರಿಸರ್ವ್ ಬ್ಯಾಂಕು ತಾನೇ ಈ ಚಿತ್ರವನ್ನು ಏನೆಂದು ಕರೆಯುತ್ತದೆ ಗೊತ್ತೆ? ಕೃಷಿಯ ಯಾಂತ್ರೀಕರಣ. ಪ್ರಗತಿಯ ಸಂಕೇತ. ಅಂದರೆ ಬರೆದದ್ದು ಯಂತ್ರದ ಚಿತ್ರ. ಯಂತ್ರ ಓಡಿಸಲು ಒಬ್ಬ ಬೇಕಲ್ಲ ಅಂತ ರೈತನನ್ನು ಅದರ ಮೇಲೆ ಕೂರಿಸಿದ್ದಾರೆ. ಎತ್ತಿಲ್ಲ, ಬಿತ್ತುವ ಹೆಣ್ಣುಮಕ್ಕಳಿಲ್ಲ, ಕಳೆ ತೆಗೆಯುವ ಆಳಿಲ್ಲ. ಆ ಟ್ರ್ಯಾಕ್ಟರಿಗೆ ಸಾಲ ಕೊಟ್ಟ ಬ್ಯಾಂಕಿಲ್ಲ, ಅಡವಿಟ್ಟ ಪಹಣಿಯಿಲ್ಲ, ಕಂತು ತಪ್ಪಿದಾಗ ಅಂಗಳದಿಂದ ಎಳೆದುಕೊಂಡು ಹೋಗುವ ಜಪ್ತಿಯವರಿಲ್ಲ. ಚಿತ್ರದ ಟ್ರ್ಯಾಕ್ಟರಿಗೆ ಡೀಸೆಲ್ಲೂ ಬೇಡ, ಕಂತೂ ಇಲ್ಲ. ಅದಕ್ಕೇ ಅದು ಅಷ್ಟು ಚೆಂದ ಓಡುತ್ತದೆ.

ಸಾವಿರ ರೂಪಾಯಿಯ ಕಾಳು

ರೈತನ ಕೆಲಸಕ್ಕೆ ದೊಡ್ಡ ನೋಟಿನಲ್ಲಿ ಜಾಗ ಸಿಕ್ಕಿದ್ದು 2000ನೇ ಇಸವಿಯಲ್ಲಿ. ಆ ವರ್ಷ ಹೊರಟ ಗಾಂಧಿ ಚಿತ್ರದ ಸಾವಿರ ರೂಪಾಯಿ ನೋಟಿನ ಹಿಂಬದಿ ದೇಶದ ಆರ್ಥಿಕತೆಯ ಚಿತ್ರವಿತ್ತು: ಕಾಳಿನ ಕೊಯ್ಲು, ಎಣ್ಣೆಬಾವಿ, ಉಪಗ್ರಹದ ತಟ್ಟೆ, ಉಕ್ಕಿನ ಕಾರ್ಖಾನೆ, ಕಂಪ್ಯೂಟರಿನ ಮುಂದೆ ಕೂತ ಹುಡುಗಿ. ಐವರಲ್ಲಿ ನಾವೂ ಒಬ್ಬರು. ಹೋಗಲಿ, ಪಂಕ್ತಿಯಲ್ಲಿ ಎಲೆಯಾದರೂ ಹಾಕಿದರಲ್ಲ ಎನ್ನಬಹುದಿತ್ತು.

2016ರ ನವೆಂಬರ್ 8ರ ರಾತ್ರಿ ಆ ಎಲೆಯನ್ನೂ ಎತ್ತಿದರು. ಐನೂರು, ಸಾವಿರದ ನೋಟು ರದ್ದು. ಹಿಂಗಾರಿ ಬಿತ್ತನೆಯ ಕಾಲ. ಮುಂಗಾರಿನ ಮಾಲು ಮಾರಿ ಕೈಗೆ ನಗದು ಬಂದ ಹೊತ್ತು. ರೈತ ಆ ನೋಟನ್ನು ಎಲ್ಲಿಗೆ ಒಯ್ಯಬೇಕು? ತನಗೆ ಬೆಳೆ ಸಾಲ ಕೊಡುವ ಡಿಸಿಸಿ ಬ್ಯಾಂಕಿಗೆ ತಾನೆ? ನವೆಂಬರ್ 14ರಂದು ಆದೇಶ ಬಂತು: ಜಿಲ್ಲಾ ಸಹಕಾರಿ ಬ್ಯಾಂಕುಗಳು ಹಳೇ ನೋಟು ಮುಟ್ಟುವ ಹಾಗಿಲ್ಲ. ಊರ ಪೇಟೆಯ ಬೇರೆ ಬ್ಯಾಂಕುಗಳು ತೆಗೆದುಕೊಳ್ಳಬಹುದು, ರೈತರ ಬ್ಯಾಂಕು ಕೂಡದು! ಬೀಜಕ್ಕೆ ಹಳೇ ಐನೂರರ ನೋಟು ನಡೆಯುತ್ತದೆ ಎಂದು ಸರ್ಕಾರ ಹೇಳಿದ್ದು ನವೆಂಬರ್ 21ಕ್ಕೆ, ಅದೂ ಸರ್ಕಾರಿ ಮಳಿಗೆಗಳಲ್ಲಿ ಮಾತ್ರ. ಮಳೆಯ ತೇವ ಮಾತ್ರ ಯಾವ ಆದೇಶಕ್ಕೂ ಕಾಯುವುದಿಲ್ಲ.

ಕೊಯ್ಲಿನ ಚಿತ್ರ ಹೊತ್ತ ಆ ಸಾವಿರದ ನೋಟು ಇಂದು ಪೂರ್ತಿಯಾಗಿ ಸಂಗ್ರಾಹಕರ ವಸ್ತು. ಅದಕ್ಕೂ ಕಾನೂನು ಉಂಟು. 2017ರ ಕಾಯ್ದೆಯ ಪ್ರಕಾರ ರದ್ದಾದ ಆ ನೋಟುಗಳನ್ನು ಸಾಮಾನ್ಯ ಮನುಷ್ಯ ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವ ಹಾಗಿಲ್ಲ. ಅಧ್ಯಯನ, ಸಂಶೋಧನೆ, ಸಂಗ್ರಹದ ಹವ್ಯಾಸಕ್ಕಾದರೆ ಇಪ್ಪತ್ತೈದು. ಮೀರಿದರೆ ಹತ್ತು ಸಾವಿರ ರೂಪಾಯಿ ಅಥವಾ ನೋಟುಗಳ ಮುಖಬೆಲೆಯ ಐದು ಪಟ್ಟು, ಯಾವುದು ಹೆಚ್ಚೋ ಅಷ್ಟರವರೆಗೆ ದಂಡ. ಹಗೇವಿನ ಪಕ್ಕದ ಮಡಕೆಯಲ್ಲಿ ಮೊಮ್ಮಗಳ ಮದುವೆಗೆಂದು ಹನ್ನೊಂದು ನೋಟು ಬಚ್ಚಿಟ್ಟು ಮರೆತ ಮುದುಕಿ ಕಾನೂನಿನ ಕಣ್ಣಿಗೆ ತಪ್ಪಿತಸ್ಥಳು. ಹಳೇ ನೋಟು ಇಟ್ಟವರಿಗೆಲ್ಲ ಲಕ್ಷ ಸಿಗುತ್ತದೆ ಎನ್ನುವ ಮೊಬೈಲು ಈ ಕಾಯ್ದೆಯ ಸುದ್ದಿ ಹೇಳುವುದಿಲ್ಲ. ನಿಮ್ಮ ಊರಿನಲ್ಲಿ ನೀವೇ ಹೇಳಿ.

ಈಗಿನ ನೋಟೆಲ್ಲ ಕಲ್ಲು

2016ರಿಂದ ಬಂದ ಹೊಸ ನೋಟುಗಳನ್ನು ಸಾಲಾಗಿ ಇಟ್ಟು ನೋಡಿ. ಹತ್ತು ರೂಪಾಯಿಗೆ ಕೋನಾರ್ಕದ ಸೂರ್ಯ ದೇವಾಲಯ. ಇಪ್ಪತ್ತಕ್ಕೆ ಎಲ್ಲೋರ. ಐವತ್ತಕ್ಕೆ ನಮ್ಮ ಹಂಪೆಯ ಕಲ್ಲಿನ ರಥ. ನೂರಕ್ಕೆ ಗುಜರಾತಿನ ರಾಣಿಯ ಮೆಟ್ಟಿಲುಬಾವಿ. ಇನ್ನೂರಕ್ಕೆ ಸಾಂಚಿಯ ಸ್ತೂಪ. ಐನೂರಕ್ಕೆ ಕೆಂಪುಕೋಟೆ. ಎರಡು ಸಾವಿರಕ್ಕೆ ಮಂಗಳಯಾನ. ಅದನ್ನು 2023ರ ಮೇ ತಿಂಗಳಲ್ಲಿ ಚಲಾವಣೆಯಿಂದ ಹಿಂದಕ್ಕೆ ಕರೆದರು. ಒಂದು ನೋಟು ಆಕಾಶಕ್ಕೆ, ಉಳಿದವೆಲ್ಲ ಕಲ್ಲಿಗೆ. ನೆಲಕ್ಕೆ ಒಂದೂ ಇಲ್ಲ.

ಹಂಪೆಯ ರಥ ನಮಗೆ ಬೇಡವೆ? ಬೇಕು, ನಮ್ಮದೇ ಹೆಮ್ಮೆ. ನೋಟಿನ ಭಾಷೆಗಳ ಪಟ್ಟಿಯಲ್ಲಿ ನಾಲ್ಕನೇ ಸಾಲಿನಲ್ಲಿರುವ ಕನ್ನಡವೂ ನಮ್ಮ ಹೆಮ್ಮೆಯೇ. ಆದರೆ ಆ ರಥ ಕಡೆದವರಿಗೆ ರಾಗಿ, ಜೋಳ ಬೆಳೆದು ಹಾಕಿದವನು ಯಾರು? ಕಲ್ಲು ಉಳಿಯಿತು, ಕಾಳು ಉಂಡು ಮುಗಿಯಿತು. ಉಳಿದದ್ದಕ್ಕೆ ಚಿತ್ರ, ಉಣಿಸಿದವನಿಗೆ ಮರೆವು.

ಇನ್ನೊಂದು ಸಂಗತಿ ಗಮನಿಸಿ. ಹಿಂದಿನ ಐನೂರರ ನೋಟಿನ ಬೆನ್ನಿಗೆ ದಂಡಿ ಯಾತ್ರೆಯ ಚಿತ್ರವಿತ್ತು, ಅಂದರೆ 1930ರಲ್ಲಿ ಉಪ್ಪಿನ ಕರದ ವಿರುದ್ಧ ಕಾಲ್ನಡಿಗೆಯಲ್ಲಿ ಹೊರಟ ಮೆರವಣಿಗೆಯ ಚಿತ್ರ. ಈಗ ಅದೇ ಐನೂರರ ಮೇಲೆ ಕೋಟೆ. ಮೆರವಣಿಗೆ ಹೋಯಿತು, ಗೋಡೆ ಬಂತು. ನೋಟಿನಿಂದ ಹೊರಗೆ ಬಿದ್ದ ಟ್ರ್ಯಾಕ್ಟರು 2021ರ ಜನವರಿ 26ರಂದು ತಾನೇ ದಿಲ್ಲಿಗೆ ಹೋಯಿತು. ಆ ದಿನದ ರೈತರ ಟ್ರ್ಯಾಕ್ಟರ್ ಮೆರವಣಿಗೆಯಲ್ಲಿ ಕೆಲವು ಅದೇ ಕೆಂಪುಕೋಟೆಯ ಮುಂದೆಯೇ ಹೋಗಿ ನಿಂತವು. ಅಂದು ನಡೆದದ್ದೆಲ್ಲ ಸರಿ ಎಂದು ಯಾರೂ ಹೇಳಬೇಕಾಗಿಲ್ಲ. ಆದರೆ ಕಾಗದದ ಮೇಲೆ ಕೂರಿಸಿದರೆ ಸುಮ್ಮನಿರುವ ಟ್ರ್ಯಾಕ್ಟರು ಮಣ್ಣಿನ ಮೇಲೆ ಸುಮ್ಮನಿರುವುದಿಲ್ಲ ಎನ್ನುವುದು ಆಳುವವರಿಗೆ ಗೊತ್ತಾಯಿತು.

ಹಾಗಾದರೆ ರೈತನಿಗೆ ಈಗ ಜಾಗವೇ ಇಲ್ಲವೆ? ಉಂಟು ಉಂಟು! 2020ರಲ್ಲಿ ಒಂದು ರೂಪಾಯಿ ನೋಟಿಗೆ ಹೊಸ ನಿಯಮ ಬಂತು. ರೂಪಾಯಿ ಚಿಹ್ನೆಯ ಜೊತೆ ಕಾಳಿನ ವಿನ್ಯಾಸ ಇರತಕ್ಕದ್ದು, ಅದು ದೇಶದಲ್ಲಿ ಕೃಷಿಗಿರುವ ಪ್ರಾಧಾನ್ಯವನ್ನು ತೋರಿಸತಕ್ಕದ್ದು ಎಂದು ಅದರಲ್ಲಿ ಹೇಳಿದೆ. ಕೇಳಿ ಸಂತೋಷವಾಯಿತಲ್ಲ? ಕೃಷಿಯ ಪ್ರಾಧಾನ್ಯಕ್ಕೆ ಸರ್ಕಾರ ಕಟ್ಟಿದ ಬೆಲೆ ಒಂದು ರೂಪಾಯಿ. ಆ ನೋಟನ್ನು ನೀವು ಅಂಗಡಿಯಲ್ಲಿ ಕಾಣುವುದೇ ಅಪರೂಪ. ಮದುವೆಯ ಮುಯ್ಯಿಯಲ್ಲಿ ನೂರರ ಜೊತೆಗೆ ಒಂದು ಸೇರಿಸಲು ಹುಡುಕಿ ತರುತ್ತಾರೆ. ಇನ್ನೊಂದು ವಿಶೇಷ ಕೇಳಿ. ಒಂದು ರೂಪಾಯಿ ನೋಟು ರಿಸರ್ವ್ ಬ್ಯಾಂಕಿನದಲ್ಲ, ಭಾರತ ಸರ್ಕಾರದ್ದು. ಸಹಿ ಗವರ್ನರದ್ದಲ್ಲ, ಹಣಕಾಸು ಕಾರ್ಯದರ್ಶಿಯದು. ಉಳಿದ ನೋಟುಗಳ ಮೇಲೆ ಇರುವ, ಹಿಡಿದವನಿಗೆ ಇಷ್ಟು ಹಣ ಕೊಡುತ್ತೇನೆ ಎಂಬ ಭಾಷೆ ಅದರ ಮೇಲೆ ಇಲ್ಲ. ಕಾಳಿನ ಚಿತ್ರ ಇರುವ ನೋಟಿನ ಮೇಲೇ ವಚನ ಇಲ್ಲ! ಇದು ಬೇಕೆಂದು ಮಾಡಿದ್ದಲ್ಲ, ಮೊದಲಿಂದ ಬಂದ ಪದ್ಧತಿ. ಆದರೆ ನಮ್ಮ ಕಥೆಯನ್ನು ಇದಕ್ಕಿಂತ ಚೆನ್ನಾಗಿ ಯಾರು ತಾನೆ ಬರೆದಾರು?

ವಚನ ಯಾರಿಗೆ?

ಮುಖ್ಯ ಮಾತು ಇಲ್ಲಿದೆ. ನೋಟೆಂದರೆ ಏನು? ಒಂದು ಕಾಗದ ಮತ್ತು ಒಂದು ವಚನ. ಕಾಗದವನ್ನು ಮಾಡುವುದು ನೂರಕ್ಕೆ ನೂರು ಹತ್ತಿಯಿಂದ. ನಮ್ಮ ಮೈಸೂರಿನಲ್ಲಿಯೇ 1996ರಿಂದ ನೋಟು ಅಚ್ಚಾಗುತ್ತಿದೆ, ನೋಟಿನ ಕಾಗದ ಮಾಡುವ ಕಾರ್ಖಾನೆಯೂ ಅಲ್ಲೇ ಇದೆ. ಅಂದರೆ ಬೆನ್ನ ಮೇಲಿಂದ ರೈತನ ಚಿತ್ರ ಅಳಿಸಿದರೂ ನೋಟಿನ ಮೈಯೆಲ್ಲ ರೈತನದೇ. ಹಾವೇರಿ, ರಾಯಚೂರಿನ ಹತ್ತಿ ಬೆಳೆಗಾರನೇ, ಯಾರ ಜೇಬಿನ ನೋಟನ್ನು ಮುಟ್ಟಿದರೂ ನೀನು ಮುಟ್ಟುವುದು ಹತ್ತಿಯನ್ನೇ!

ಆ ಹತ್ತಿಯ ಕಾಗದದ ಮೇಲೆ ಗವರ್ನರ್ ಒಂದು ಸಹಿ ಹಾಕುತ್ತಾನೆ, ಕೇಂದ್ರ ಸರ್ಕಾರ ಖಾತ್ರಿ ನಿಲ್ಲುತ್ತದೆ. ಕಾಗದ ಹಣವಾಗುತ್ತದೆ. ಹರಿದ ನೋಟಿಗೂ ಬ್ಯಾಂಕಿನಲ್ಲಿ ಬದಲಿ ಕೊಡುವ ನಿಯಮ ಇದೆ. ಅದೇ ಹತ್ತಿ ಕಾಗದವಾಗುವ ಮೊದಲು, ಅಂಡಿಗೆಯಲ್ಲಿ ಮಂಡಿಗೆ ಬಂದಾಗ, ಅದರ ಬೆಲೆಗೆ ಯಾರ ಸಹಿ ಇದೆ? ಯಾರ ಖಾತ್ರಿ ಇದೆ? 1965ರಲ್ಲಿ ಕೃಷಿ ಬೆಲೆ ಆಯೋಗ ಹುಟ್ಟಿತು, 1985ರಲ್ಲಿ ಅದರ ಹೆಸರಿಗೆ ವೆಚ್ಚ ಎಂಬ ಮಾತೂ ಸೇರಿತು. ವರ್ಷ ವರ್ಷ ಇಪ್ಪತ್ತೆರಡು ಬೆಳೆಗೆ ಬೆಂಬಲ ಬೆಲೆ ಸಾರುತ್ತಾರೆ. ಆದರೆ ಆ ಬೆಲೆಗಿಂತ ಕಡಿಮೆಗೆ ಕೊಳ್ಳಬಾರದು ಎಂಬ ಕಾನೂನಿನ ಖಾತ್ರಿ ಇಲ್ಲ. ಅಂದರೆ ಬೆಂಬಲ ಬೆಲೆ ಎಂಬುದೂ ಒಂದು ನೋಟೇ. ಚಿತ್ರ ಚೆನ್ನಾಗಿದೆ, ಸಹಿ ಇಲ್ಲ.

ಸಹಿ ಇರುವ ನೋಟಿನ ಗತಿ ಏನಾಯಿತು ಎಂಬುದನ್ನೂ ತೂಗಿ ನೋಡೋಣ. 1980-81ರಲ್ಲಿ ಸಾಮಾನ್ಯ ಭತ್ತಕ್ಕೆ ಸರ್ಕಾರದ ಖರೀದಿ ಬೆಲೆ ಕ್ವಿಂಟಾಲಿಗೆ 105 ರೂಪಾಯಿ. ಟ್ರ್ಯಾಕ್ಟರಿನ ಐದು ರೂಪಾಯಿಗೆ ಆಗ ನಾಲ್ಕೂಮುಕ್ಕಾಲು ಕಿಲೋ ಭತ್ತ. 2025-26ರಲ್ಲಿ ಬೆಂಬಲ ಬೆಲೆ 2,369 ರೂಪಾಯಿ; ಅದೇ ಐದು ರೂಪಾಯಿಗೆ ಇನ್ನೂರ ಹತ್ತು ಗ್ರಾಂ. “ನೋಡಿದಿರಾ, ನಿಮ್ಮ ಭತ್ತಕ್ಕೆ ಇಪ್ಪತ್ತೆರಡು ಪಟ್ಟು ಹೆಚ್ಚು ಕೊಟ್ಟೆವು” ಎಂದು ಪೇಟೆಯ ಅರ್ಥಶಾಸ್ತ್ರಿ ಮೀಸೆ ತಿರುವುತ್ತಾನೆ.

ತಾಳಪ್ಪಾ, ಅವಸರ ಬೇಡ. ಹಣದಿಂದ ಹಣವನ್ನು ಅಳೆಯಬೇಡ, ನಾವು ಕೊಳ್ಳುವ ಸಾಮಾನಿನಿಂದ ಅಳೆ. ರೈತನ ಮನೆಯಲ್ಲಿ ಮದುವೆಗೆ ಕೊಳ್ಳುವುದೂ ಚಿನ್ನ, ಸಾಲಕ್ಕೆ ಅಡವಿಡುವುದೂ ಚಿನ್ನ. 1980ರಲ್ಲಿ ಹತ್ತು ಗ್ರಾಂ ಚಿನ್ನ ಸುಮಾರು 1,300 ರೂಪಾಯಿ. ಹನ್ನೆರಡೂವರೆ ಕ್ವಿಂಟಾಲ್ ಭತ್ತ ಹಾಕಿದರೆ ಮಗಳ ಕೊರಳಿಗೆ ಹತ್ತು ಗ್ರಾಂ ಬರುತ್ತಿತ್ತು. 2025ರಲ್ಲಿ ಹತ್ತು ಗ್ರಾಂ ಲಕ್ಷ ರೂಪಾಯಿ ದಾಟಿತು. ಬೆಂಬಲ ಬೆಲೆ ಪೂರ್ತಿ ಸಿಕ್ಕರೂ ನಲವತ್ತೆರಡು ಕ್ವಿಂಟಾಲ್ ಹಾಕಬೇಕು. ಎಕರೆಗೆ ಇಳುವರಿ ಹೆಚ್ಚಾಗಿದೆಯಲ್ಲ ಅಂತೀರಾ? ಹೌದು, ಹೆಚ್ಚಾಗಿದೆ. ಆ ಹೆಚ್ಚಿನ ಇಳುವರಿಯ ಬೀಜ, ಗೊಬ್ಬರ, ಔಷಧ, ಡೀಸೆಲ್, ಬೋರ್‌ವೆಲ್ಲು ಯಾವುದೂ ಪುಕ್ಕಟೆ ಬಂದಿಲ್ಲ. ಹನ್ನೆರಡೂವರೆ ಹೋಗಿ ನಲವತ್ತೆರಡು ಆಗಿದ್ದು ಮಳೆ ಮಾಡಿದ್ದಲ್ಲ, ಬೆಲೆ ಮಾಡಿದ್ದು. ನಿಮ್ಮ ಪಹಣಿಯಲ್ಲಿ ಬರೆದಿರುವ ಸಾಲದ ಬೋಜದ ಬೇರು ಇಲ್ಲಿದೆ. ಟ್ರಂಕಿನಲ್ಲಿ ಹುಡುಕಬೇಡಿ, ಈ ಲೆಕ್ಕದಲ್ಲಿ ಹುಡುಕಿ.

ಮಾಡಬೇಕಾದ್ದು

ಮತ್ತೆ ನೋಟಿನ ಮೇಲೆ ರೈತನ ಚಿತ್ರ ಅಚ್ಚು ಹಾಕಿ ಎಂದು ಮನವಿ ಕೊಡೋಣ ಎನ್ನುವವರು ಸಿಗುತ್ತಾರೆ. ದಯವಿಟ್ಟು ಬೇಡ. ಈ ಸರ್ಕಾರಗಳಿಗೆ ಇದಕ್ಕಿಂತ ಅಗ್ಗದ ಬೇಡಿಕೆ ಇನ್ನೊಂದಿಲ್ಲ. ನಾಳೆಯೇ ಚೆಂದದ ಒಂದು ಚಿತ್ರ ಬರೆಸಿ, ಸಮಾರಂಭ ಮಾಡಿ, ಹಾರ ಹಾಕಿಸಿಕೊಂಡು ಹೋಗುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಮೂವತ್ತು ನಲವತ್ತು ವರ್ಷ ಐದು ರೂಪಾಯಿಯ ಮೇಲೆ ಟ್ರ್ಯಾಕ್ಟರ್ ಓಡಿತು. ಅದರಿಂದ ಒಬ್ಬ ರೈತನ ಒಂದು ಕಂತೂ ತೀರಲಿಲ್ಲ.

ನೋಟಿನ ವಿಷಯದಲ್ಲಿ ಮಾಡಬೇಕಾದ್ದು ಇಷ್ಟು. ಹಳೇ ನೋಟಿಗೆ ಲಕ್ಷ ಎಂದವನಿಗೆ ಒಂದು ಪೈಸೆಯನ್ನೂ ಮುಂಗಡ ಹಾಕಬೇಡಿ. ಕೊಳ್ಳುವವನು ದುಡ್ಡು ಕೊಡಬೇಕು, ಮಾರುವವನಿಂದ ದುಡ್ಡು ಕೇಳುವ ವ್ಯಾಪಾರ ಜಗತ್ತಿನಲ್ಲಿ ಇಲ್ಲ. ಆಧಾರ್, ಪಾಸ್‌ಬುಕ್ಕಿನ ಫೋಟೋ, ಫೋನಿಗೆ ಬರುವ ಗುಟ್ಟಿನ ಸಂಖ್ಯೆ ಯಾವುದನ್ನೂ ಕೊಡಬೇಡಿ. ಈಗಾಗಲೇ ಹಣ ಹೋಗಿದ್ದರೆ ಮಾನ ಹೋಯಿತೆಂದು ಮುಚ್ಚಿಡದೆ ಆ ಗಳಿಗೆಯಲ್ಲೇ 1930 ನಂಬರಿಗೆ ಫೋನು ಮಾಡಿ ದೂರು ಬರೆಸಿ, ಬ್ಯಾಂಕಿಗೂ ಹೇಳಿ. ರದ್ದಾದ ಐನೂರು, ಸಾವಿರದ ನೋಟು ಹತ್ತಕ್ಕಿಂತ ಹೆಚ್ಚು ಮನೆಯಲ್ಲಿ ಇದ್ದರೆ ಬದಲಾಯಿಸಿ ಕೊಡುತ್ತೇನೆ ಎನ್ನುವ ದಲ್ಲಾಳಿಯ ಮಾತು ಕೇಳಿ ಇನ್ನೊಂದು ಗುಂಡಿಗೆ ಬೀಳಬೇಡಿ.

ಟ್ರ್ಯಾಕ್ಟರಿನ ಐದು ರೂಪಾಯಿ ಇದ್ದರೆ ಇಟ್ಟುಕೊಳ್ಳಿ, ಮಾರಬೇಡಿ. ಪುಸ್ತಕದ ನಡುವೆ ಇಟ್ಟು ಮಕ್ಕಳಿಗೆ ತೋರಿಸಿ. ಇದಕ್ಕೆ ಒಂದು ಕಾಲದಲ್ಲಿ ಎಷ್ಟು ಭತ್ತ ಬರುತ್ತಿತ್ತು, ಈಗ ಎಷ್ಟು ಬರುತ್ತದೆ ಎಂದು ಅವರ ಕೈಯಲ್ಲೇ ಲೆಕ್ಕ ಹಾಕಿಸಿ. ಮುಂದಿನ ಗ್ರಾಮಸಭೆಗೆ ಆ ಲೆಕ್ಕ ಒಯ್ಯಿರಿ. ಓಟು ಕೇಳಲು ಬಂದವನ ಮುಂದೆ ಆ ನೋಟು ಹಿಡಿದು ಒಂದೇ ಪ್ರಶ್ನೆ ಕೇಳಿ: ಈ ಕಾಗದಕ್ಕೆ ಕಾನೂನಿನ ವಚನ ಕೊಟ್ಟಿದ್ದೀರಿ, ನಮ್ಮ ಬೆಳೆಗೆ ಯಾವಾಗ ಕೊಡುತ್ತೀರಿ?

ನೋಟಿನ ಮೇಲೆ ನಮಗೆ ಜಾಗ ಬೇಡ. ಬೆಳೆಯ ಬೆಲೆಗೆ ಕಾನೂನಿನ ಸಹಿ ಬೇಕು. ಅದು ಬರುವವರೆಗೆ ಕಲ್ಲಿನ ರಥ ನಿಂತಲ್ಲೇ ನಿಂತಿರಲಿ, ನಮ್ಮ ಗಾಡಿ ನಿಲ್ಲುವ ಹಾಗಿಲ್ಲ.